ಗೇಮ್ ಆಡುವಾಗ ಸ್ಕ್ರೀನ್ ಕೆಟ್ಟರೆ ಮೊದಲು ಎಂತ ನೋಡ್ಬೇಕು?

ಪುತ್ತೂರು, ಸುಳ್ಯ, ಕಡಬ ಕಡೆ ಈಗ ಹುಡುಗರ ರೂಮಿನಲ್ಲಿ ಗೇಮಿಂಗ್ ಪಿಸಿ ಇರುವುದು ದೊಡ್ಡ ಸಂಗತಿ ಏನಲ್ಲ. ಆದ್ರೆ ಅದರೊಳಗಿನ ಗ್ರಾಫಿಕ್ಸ್ ಕಾರ್ಡ್ ದೊಡ್ಡ ಸಂಗತಿಯೇ. ಸುಮಾರು ಮನೆಗಳಲ್ಲಿ ಅದು ಅಡಿಕೆ ಮಾರಿದ ದುಡ್ಡಿನಲ್ಲಿ ಬಂದದ್ದು. "ಬರೀ ಗೇಮ್‌ಗೆ ಅಲ್ಲ, ಓದ್ಲಿಕ್ಕೂ ಬೇಕು" ಅಂತ ಮನೆಯವರಿಗೆ ಹೇಳಿ ತೆಗೆಸಿಕೊಂಡದ್ದು. ಅದು ಸುಳ್ಳೂ ಅಲ್ಲ. ಕ್ಯಾಡ್, ಬ್ಲೆಂಡರ್, ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ಎಲ್ಲಾ ಅದೇ ಕಾರ್ಡಿನ ಮೇಲೆ ಓಡುತ್ತವೆ. ಹಾಗಾಗಿ ಒಂದು ದಿನ ಆಟದ ಮಧ್ಯೆ ಸ್ಕ್ರೀನ್ ತುಂಬ ಬಣ್ಣದ ಚೌಕಗಳು ಬಂದ್ರೆ ಹೊಟ್ಟೆಯೊಳಗೆ ಒಮ್ಮೆ ಚಳುಕು ಹೊಡೀತದೆ. ನೋಡಿದವರೆಲ್ಲ ಒಂದೇ ಮಾತು ಹೇಳ್ತಾರೆ: "ಕಾರ್ಡ್ ಹೋಯ್ತು ಮಾರಾಯ."

ನಾವು ಕೆಲವರು ಸೇರಿ ಗೆಳೆಯರ ಪಿಸಿಗಳನ್ನು ಬಿಚ್ಚಿ ನೋಡ್ತಾ ಬಂದಿದ್ದೇವೆ. ಅದರಿಂದ ಕಲಿತ ಒಂದು ವಿಷಯ ಏನಂದ್ರೆ, "ಕಾರ್ಡ್ ಹೋಯ್ತು" ಎನ್ನುವುದು ಕೊನೆಗೆ ಬರಬೇಕಾದ ತೀರ್ಮಾನ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ತುಂಬ ಉಂಟು, ಮತ್ತು ಅವುಗಳಲ್ಲಿ ಹೆಚ್ಚಿನವಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆ ಪ್ರಶ್ನೆಗಳನ್ನು ಕ್ರಮವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಚಿತ್ರ ಬರುವ ದಾರಿ

ತೋಟದಲ್ಲಿ ಒಂದು ಸ್ಪ್ರಿಂಕ್ಲರ್‌ಗೆ ನೀರು ಬರದಿದ್ದರೆ ಯಾರೂ ಸೀದಾ ಹೊಸ ಪಂಪ್ ತರುವುದಿಲ್ಲ. ಜೆಟ್ ಕಟ್ಟಿದೆಯಾ ನೋಡ್ತಾರೆ, ಗೇಟ್‌ವಾಲ್ ತೆರೆದಿದೆಯಾ ನೋಡ್ತಾರೆ, ಪೈಪ್ ಎಲ್ಲಿ ಒಡೆದಿದೆ ಅಂತ ನಡೆದುಕೊಂಡು ಹೋಗಿ ಹುಡುಕ್ತಾರೆ. ಪಂಪಿನ ಬುಡಕ್ಕೆ ಬರುವುದು ಕೊನೆಗೆ. ಗ್ರಾಫಿಕ್ಸ್ ತೊಂದರೆಗೂ ಇದೇ ಕ್ರಮ.

ಚಿತ್ರ ನಮ್ಮ ಕಣ್ಣಿಗೆ ಬರುವ ದಾರಿ ಹೀಗೆ: ಗೇಮ್ ಒಂದು ದೃಶ್ಯ ಬಿಡಿಸಲು ಹೇಳ್ತದೆ. ಡ್ರೈವರ್ ಅದನ್ನು ಕಾರ್ಡಿಗೆ ಅರ್ಥವಾಗುವ ಭಾಷೆಗೆ ತರ್ತದೆ. ಜಿಪಿಯು ಚಿಪ್ ಲೆಕ್ಕ ಮಾಡಿ ವಿ-ರ್ಯಾಮ್‌ನಲ್ಲಿ ಚಿತ್ರವನ್ನು ಬರೆದಿಡ್ತದೆ. ಅಲ್ಲಿಂದ ಡಿಸ್‌ಪ್ಲೇ ಪೋರ್ಟ್ ಅಥವಾ ಎಚ್‌ಡಿಎಂಐ ಮೂಲಕ ಕೇಬಲಿಗೆ, ಕೇಬಲಿನಿಂದ ಮಾನಿಟರಿಗೆ. ಇದರ ಬದಿಯಲ್ಲಿ ಇನ್ನೊಂದು ದಾರಿ ಉಂಟು, ಕರೆಂಟಿನದ್ದು: ಗೋಡೆಯ ಪ್ಲಗ್, ಯುಪಿಎಸ್, ಎಸ್‌ಎಂಪಿಎಸ್, ಕಾರ್ಡ್. ತೊಂದರೆ ಈ ಎರಡು ದಾರಿಯಲ್ಲಿ ಎಲ್ಲಿ ಬೇಕಾದ್ರೂ ಇರಬಹುದು.

ಮೊದಲು ತೊಂದರೆಗೆ ಹೆಸರಿಡಿ

"ಗ್ಲಿಚ್ ಆಗ್ತಾ ಉಂಟು" ಅಂದ್ರೆ ಏನೂ ಹೇಳಿದ ಹಾಗಲ್ಲ. ಕಂಡದ್ದನ್ನು ಸರಿಯಾಗಿ ವಿವರಿಸಿದರೆ ಅರ್ಧ ಕೆಲಸ ಮುಗೀತದೆ.

ಚಿತ್ರ ಅಡ್ಡಕ್ಕೆ ಕತ್ತರಿಸಿದ ಹಾಗೆ ಮೇಲಿನ ಭಾಗ ಒಂದು ಕಡೆ, ಕೆಳಗಿನ ಭಾಗ ಒಂದು ಕಡೆ ಕಂಡರೆ ಅದು ಟೇರಿಂಗ್. ಇದು ಹಾಳಾದ ಲಕ್ಷಣವೇ ಅಲ್ಲ. 60 ಹರ್ಟ್ಸ್ ಮಾನಿಟರ್ ಒಂದು ಫ್ರೇಮನ್ನು 16.7 ಮಿಲಿಸೆಕೆಂಡ್ ತೋರಿಸ್ತದೆ. ಅಷ್ಟರೊಳಗೆ ಕಾರ್ಡ್ ಹೊಸ ಫ್ರೇಮ್ ಕೊಟ್ಟರೆ ಅರ್ಧ ಹಳೆಯದು, ಅರ್ಧ ಹೊಸದು ಒಟ್ಟಿಗೆ ಕಾಣ್ತದೆ. ವಿ-ಸಿಂಕ್ ಆನ್ ಮಾಡಿದರೆ ಹೋಗ್ತದೆ.

ದೂರದ ಗೋಡೆ ಅಥವಾ ರಸ್ತೆಯ ಮೇಲೆ ಎರಡು ಬಣ್ಣ ಪಟಪಟ ಅಂತ ಬದಲಾಗ್ತಾ ಇದ್ದು, ಕ್ಯಾಮೆರಾ ನಿಲ್ಲಿಸಿದಾಗ ಅದೂ ನಿಂತರೆ, ಅದು ಗೇಮಿನದ್ದೇ ದೋಷ. ಎರಡು ಮೇಲ್ಮೈಗಳು ಒಂದೇ ಆಳದಲ್ಲಿದ್ದಾಗ ಯಾವುದು ಮುಂದೆ ಅಂತ ಲೆಕ್ಕ ತಪ್ಪುತ್ತದೆ.

ಬಿಳಿ ಚುಕ್ಕೆಗಳು ಮಿಂಚಿದ ಹಾಗೆ ಬಂದು ಹೋಗುವುದು, ಒಂದೆರಡು ಸೆಕೆಂಡ್ ಸ್ಕ್ರೀನ್ ಕಪ್ಪಾಗಿ ಮತ್ತೆ ಬರುವುದು: ಇಲ್ಲಿ ಮೊದಲ ಸಂಶಯ ಕೇಬಲ್ ಮೇಲೆ.

ಸಾಲಾಗಿ ಬಣ್ಣದ ಚೌಕಗಳು, ಚದುರಂಗದ ಹಲಗೆಯ ಹಾಗೆ ಒಂದೇ ಅಂತರದಲ್ಲಿ ಪಟ್ಟಿಗಳು: ಇಲ್ಲಿ ಸಂಶಯ ವಿ-ರ್ಯಾಮ್ ಮೇಲೆ. ಪಾತ್ರದ ಮೈಯಿಂದ ಉದ್ದುದ್ದ ತ್ರಿಕೋನಗಳು ಆಕಾಶಕ್ಕೆ ಚಾಚಿದರೆ ಡ್ರೈವರ್ ಇರಬಹುದು, ವಿ-ರ್ಯಾಮ್ ಅಥವಾ ಜಿಪಿಯು ಕೂಡ ಇರಬಹುದು.

ಖರ್ಚಿಲ್ಲದ ಮೂರು ಪ್ರಶ್ನೆಗಳು

ಒಂದನೇ ಪ್ರಶ್ನೆ: ಸ್ಕ್ರೀನ್‌ಶಾಟ್‌ನಲ್ಲಿ ಬರ್ತದಾ? ಗ್ಲಿಚ್ ಕಾಣುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ, ಮೊಬೈಲಿನಲ್ಲೇ ನೋಡಿ. ಅದೇ ಮಾನಿಟರಿನಲ್ಲಿ ನೋಡಿದರೆ ಪ್ರಯೋಜನ ಇಲ್ಲ. ಮೊಬೈಲಿನಲ್ಲೂ ಚೌಕಗಳು ಕಂಡರೆ ತೊಂದರೆ ಚಿತ್ರ ತಯಾರಾಗುವ ಮೊದಲೇ ಆಗಿದೆ, ಅಂದ್ರೆ ಗೇಮ್, ಡ್ರೈವರ್, ಜಿಪಿಯು ಅಥವಾ ವಿ-ರ್ಯಾಮ್. ಚಿತ್ರ ಚೊಕ್ಕ ಇದ್ದರೆ ಹೆಚ್ಚಾಗಿ ಪೋರ್ಟ್, ಕೇಬಲ್, ಮಾನಿಟರ್ ಕಡೆ. ಈ ಒಂದೇ ಪರೀಕ್ಷೆ ದಾರಿಯನ್ನು ಎರಡು ಭಾಗ ಮಾಡ್ತದೆ.

ಎರಡನೇ ಪ್ರಶ್ನೆ: ಬಯಾಸ್ ಸ್ಕ್ರೀನಿನಲ್ಲಿ ಬರ್ತದಾ? ಆ ಹೊತ್ತಿಗೆ ವಿಂಡೋಸ್ ಶುರುವೇ ಆಗಿರುವುದಿಲ್ಲ, ಡ್ರೈವರ್ ಕೂಡ ಇರುವುದಿಲ್ಲ. ಅಲ್ಲೂ ಗೆರೆಗಳು ಕಂಡರೆ ಡ್ರೈವರಿನ ಮೇಲೆ ಆರೋಪ ಹಾಕ್ಲಿಕ್ಕೆ ಆಗುವುದಿಲ್ಲ. ಆದ್ರೆ ಇದರ ತಿರುಗುಮುರುಗು ಸರಿಯಲ್ಲ: ಬಯಾಸ್ ಚೊಕ್ಕ ಇದೆ ಎಂದ ಮಾತ್ರಕ್ಕೆ ಕಾರ್ಡ್ ಆರೋಗ್ಯವಾಗಿದೆ ಅಂತ ಅಲ್ಲ. ಅಲ್ಲಿ ಕಾರ್ಡಿಗೆ ಕೆಲಸವೇ ಇರುವುದಿಲ್ಲ.

ಮೂರನೇ ಪ್ರಶ್ನೆ: ಎಲ್ಲ ಗೇಮಿನಲ್ಲೂ ಬರ್ತದಾ, ಒಂದರಲ್ಲಿ ಮಾತ್ರವಾ? ಒಂದರಲ್ಲಿ ಮಾತ್ರ ಆದ್ರೆ ಆ ಗೇಮಿನ ಫೈಲುಗಳನ್ನು ಪರೀಕ್ಷಿಸಿ. ಸ್ಟೀಮ್‌ನಲ್ಲಿ ಗೇಮಿನ ಪ್ರಾಪರ್ಟೀಸ್‌ಗೆ ಹೋದರೆ ಫೈಲ್ ವೆರಿಫೈ ಮಾಡುವ ಆಯ್ಕೆ ಉಂಟು. ಡೌನ್‌ಲೋಡ್ ಮಧ್ಯೆ ಕರೆಂಟ್ ಹೋಗಿ ಫೈಲ್ ಕೆಟ್ಟಿರುವುದು ನಮ್ಮ ಊರಲ್ಲಿ ಅಪರೂಪ ಅಲ್ಲ. ಶೇಡರ್ ಕ್ಯಾಶ್ ಅಳಿಸಿಯೂ ನೋಡಿ.

ಇನ್ನೊಂದು ಸಣ್ಣ ವಿಷಯ. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ್ದಾ, ಮದರ್‌ಬೋರ್ಡಿಗೆ ಹಾಕಿದ್ದಾ ಅಂತ ಹಿಂದೆ ಬಗ್ಗಿ ನೋಡಿ. ಮದರ್‌ಬೋರ್ಡಿಗೆ ಹಾಕಿದ್ದರೆ ನೀವು ಬೈಯುತ್ತಾ ಇರುವುದು ಬೇರೆಯೇ ಗ್ರಾಫಿಕ್ಸಿಗೆ.

ಕೇಬಲ್ ಎಷ್ಟು ಹೊರುತ್ತದೆ?

1920 ಗುಣಿಸು 1080 ಅಂದ್ರೆ 20,73,600 ಪಿಕ್ಸೆಲ್. ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 60 ಸಲ. ಒಟ್ಟು ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್. ಅದೇ 144 ಹರ್ಟ್ಸ್ ಇಟ್ಟರೆ ಸುಮಾರು 717 ಕೋಟಿ. ಹಾಗಾಗಿ 60 ಹರ್ಟ್ಸ್‌ನಲ್ಲಿ ಸರಿಯಾಗಿರುವ ಅದೇ ಕೇಬಲ್ 144ರಲ್ಲಿ ಮಿನುಗುಟ್ಟಬಹುದು. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ರಿಫ್ರೆಶ್ ರೇಟ್ ಇಳಿಸಿ ನೋಡಿ. ಇಳಿಸಿದ ಕೂಡಲೇ ಸರಿಯಾದ್ರೆ ಮೊದಲು ಗೆಳೆಯನ ಕೇಬಲ್ ಒಂದು ದಿನಕ್ಕೆ ತನ್ನಿ. ಹೊಸ ಕಾರ್ಡಿನ ಬೆಲೆಗೂ ಹೊಸ ಕೇಬಲಿನ ಬೆಲೆಗೂ ಎಷ್ಟು ಅಂತರ ಉಂಟು ಅಂತ ಬೇರೆ ಹೇಳುವುದು ಬೇಡ ಅಲ್ವಾ?

ಡ್ರೈವರ್

ವಿಂಡೋಸಿಗೆ ಜಿಪಿಯು 2 ಸೆಕೆಂಡ್ ಒಳಗೆ ಉತ್ತರ ಕೊಡದಿದ್ದರೆ, ಅದು ಸಿಕ್ಕಿಬಿದ್ದಿದೆ ಅಂತ ತಿಳಿದು ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡ್ತದೆ. ಸ್ಕ್ರೀನ್ ಕಪ್ಪಾಗಿ, ಗೇಮ್ ಮುಚ್ಚಿ, ಡೆಸ್ಕ್‌ಟಾಪ್ ವಾಪಸ್ ಬರುವುದು ಇದರಿಂದ. ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದು 4101 ಎನ್ನುವ ಈವೆಂಟ್ ಉಂಟಾ ನೋಡಿ. ಅದರ ಪಕ್ಕದಲ್ಲಿ ಸಮಯ ಇರ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗ್ತದೆ.

ಸ್ಕ್ರೀನ್ ಸಿಕ್ಕಿಬಿದ್ದಾಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಈ ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗ್ತದೆ. ಇದು ಮದ್ದಲ್ಲ, ಆ ಕ್ಷಣದ ಉಪಶಮನ ಅಷ್ಟೆ.

ತೊಂದರೆ ಹೊಸ ಡ್ರೈವರ್ ಹಾಕಿದ ಮೇಲೆ ಶುರುವಾಗಿದ್ದರೆ ಹಳೆಯದಕ್ಕೆ ಹಿಂದೆ ಹೋಗಿ. ಮೊದಲು ಬೇಕಾದ ಡ್ರೈವರನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ನೆಟ್ ತೆಗೆಯಿರಿ, ಸೇಫ್ ಮೋಡ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎನ್ನುವ ಉಚಿತ ತಂತ್ರಾಂಶದಿಂದ ಪೂರ್ತಿ ಅಳಿಸಿ, ಆಮೇಲೆ ಹೊಸತಾಗಿ ಹಾಕಿ. ನೆಟ್ ತೆಗೆಯದಿದ್ದರೆ ನಡುವಲ್ಲಿ ವಿಂಡೋಸ್ ಅಪ್‌ಡೇಟ್ ತನಗೆ ಬೇಕಾದ ಡ್ರೈವರ್ ತಂದು ಕೂರಿಸ್ತದೆ.

ಏಪ್ರಿಲ್ ತಿಂಗಳ ಬಿಸಿ

ಕಾರ್ಡಿನ ಫ್ಯಾನ್ ಕಾರ್ಡನ್ನು ಕೋಣೆಗಿಂತ ತಣ್ಣಗೆ ಮಾಡ್ಲಿಕ್ಕೆ ಸಾಧ್ಯ ಇಲ್ಲ. ಕೋಣೆಗಿಂತ ಎಷ್ಟು ಹೆಚ್ಚು ಬಿಸಿ ಎನ್ನುವುದೇ ಲೆಕ್ಕ. ಒಂದು ಕಾರ್ಡ್ ಪೂರ್ತಿ ಕೆಲಸದಲ್ಲಿ ಕೋಣೆಗಿಂತ 50 ಡಿಗ್ರಿ ಮೇಲೇರುತ್ತದೆ ಅಂತ ಇಟ್ಟುಕೊಳ್ಳಿ. ಡಿಸೆಂಬರ್ ರಾತ್ರಿ ಕೋಣೆ 22 ಡಿಗ್ರಿ ಇದ್ರೆ ಕಾರ್ಡ್ 72. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯಲ್ಲಿ 35 ಇದ್ರೆ ಕಾರ್ಡ್ 85. ಕಾರ್ಡ್ ಅದೇ, ಗೇಮ್ ಅದೇ, ತಿಂಗಳು ಮಾತ್ರ ಬೇರೆ. ಸುಮಾರು ಜಿಫೋರ್ಸ್ ಕಾರ್ಡುಗಳು 83 ಡಿಗ್ರಿ ಹತ್ತಿರ ಬಂದಾಗ ತಾವಾಗಿಯೇ ವೇಗ ಇಳಿಸ್ತವೆ.

ಜಿಪಿಯು-ಝಡ್ ಅಥವಾ ಎಚ್‌ಡಬ್ಲ್ಯುಇನ್‌ಫೋ ಹಾಕಿ ಉಷ್ಣತೆ ನೋಡಿ. ಆನ್ ಮಾಡಿದ ಕೂಡಲೇ ಗ್ಲಿಚ್ ಬರ್ತದಾ, ಹದಿನೈದು ನಿಮಿಷ ಆಡಿದ ಮೇಲಾ ಅಂತ ಗಮನಿಸಿ. ತಡವಾಗಿ ಬರುವುದಾದ್ರೆ ಕೇಸಿನ ಬದಿಯ ಪ್ಯಾನಲ್ ತೆಗೆದು ಟೇಬಲ್ ಫ್ಯಾನ್ ಇಟ್ಟು ಮತ್ತೆ ಆಡಿ. ಹದಿನೈದು ನಿಮಿಷದ್ದು ನಲವತ್ತು ನಿಮಿಷಕ್ಕೆ ಹೋದರೆ ಬಿಸಿಯದ್ದೇ ಸಂಬಂಧ ಉಂಟು ಅಂತ ಅರ್ಥ. ಆಗ ಹೀಟ್‌ಸಿಂಕಿನ ಧೂಳು ತೆಗೆಯುವುದು, ಫ್ಯಾನ್ ತಿರುಗುತ್ತಾ ನೋಡುವುದು, ವಾರಂಟಿ ಮುಗಿದಿದ್ದರೆ ಥರ್ಮಲ್ ಪೇಸ್ಟ್ ಬದಲಿಸುವುದು.

ಧೂಳು ಅಂದ್ರೆ ನಮ್ಮಲ್ಲಿ ಎರಡು ಬಗೆ: ಕೆಂಪು ಮಣ್ಣಿನದ್ದು, ಅಡಿಕೆ ಸುಲಿಯುವಾಗ ಏಳುವ ಸಿಪ್ಪೆಯದ್ದು. ಎರಡನೆಯದು ಹತ್ತಿಯ ಹಾಗೆ ಹೀಟ್‌ಸಿಂಕಿನ ಸೆರೆಗಳಲ್ಲಿ ಅಂಟಿ ಕೂರುತ್ತದೆ. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ವಿಪರೀತ ತಿರುಗಿ ಬೇರಿಂಗ್ ಹಾಳಾಗ್ತದೆ.

ಕರೆಂಟಿನ ಕಥೆ

ಬೆಂಗಳೂರಿನವರು ಬರೆದ ಗೈಡುಗಳಲ್ಲಿ ಇದಕ್ಕೆ ಎರಡು ಸಾಲು ಇರ್ತದೆ. ನಮಗೆ ಅದು ಸಾಕಾಗುವುದಿಲ್ಲ. ಕಾಡು, ತೋಟದ ಮಧ್ಯೆ ಹಾದು ಬರುವ ಉದ್ದದ ಲೈನು, ಮಳೆಗಾಲದಲ್ಲಿ ಮರದ ಗೆಲ್ಲು ಬೀಳುವುದು, ಸಂಜೆ ವೋಲ್ಟೇಜ್ ಇಳಿಯುವುದು ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

ಎಸ್‌ಎಂಪಿಎಸ್ ಬೇಕಾದ ಪವರನ್ನು ಹೇಗಾದ್ರೂ ಎಳೆದುಕೊಳ್ತದೆ. ವೋಲ್ಟೇಜ್ ಕಡಿಮೆಯಾದ್ರೆ ಕರೆಂಟ್ ಹೆಚ್ಚು ಎಳೀತದೆ. 300 ವ್ಯಾಟ್ ಬೇಕಾದಾಗ 230 ವೋಲ್ಟಿನಲ್ಲಿ ಸುಮಾರು 1.3 ಆಂಪಿಯರ್, 170 ವೋಲ್ಟಿನಲ್ಲಿ ಸುಮಾರು 1.8 ಆಂಪಿಯರ್. ಅಷ್ಟೂ ಹೆಚ್ಚು ಬಿಸಿ, ಅಷ್ಟೂ ಹೆಚ್ಚು ಒತ್ತಡ. ಅಗ್ಗದ ಎಸ್‌ಎಂಪಿಎಸ್ ಆದ್ರೆ ಅದರ 12 ವೋಲ್ಟ್ ಔಟ್‌ಪುಟ್ ಅಲುಗಾಡ್ತದೆ, ಕಾರ್ಡ್ ಬಿಕ್ಕಳಿಸ್ತದೆ.

ಕಾರ್ಡಿಗೆ ಪವರ್ ಬರುವ ಲೆಕ್ಕವೂ ಗೊತ್ತಿರಲಿ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದ 75 ವ್ಯಾಟ್, 6 ಪಿನ್ ಕನೆಕ್ಟರಿನಿಂದ 75, 8 ಪಿನ್ ಕನೆಕ್ಟರಿನಿಂದ 150. ಆರ್‌ಟಿಎಕ್ಸ್ 3060 ಕಾರ್ಡಿಗೆ 170 ವ್ಯಾಟ್ ಬೇಕು. ಗೇಮ್ ಜೋರಾದಾಗ ಪಿಸಿ ಸೀದಾ ರೀಸ್ಟಾರ್ಟ್ ಆಗಿ, ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಇದ್ದರೆ ಮೊದಲು ಎಸ್‌ಎಂಪಿಎಸ್ ಮತ್ತು ಪ್ಲಗ್ ಕಡೆ ನೋಡಿ.

ಇನ್ವರ್ಟರಿಗೆ ಕಂಪ್ಯೂಟರ್ ಹಾಕುವವರಿಗೆ ಒಂದು ಮಾತು. ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಮನೆ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇಟ್ಟರೆ ಅದು ಬೇಗ ಬದಲಾಗ್ತದೆ, ಸಾದಾ ಮೋಡ್‌ನಲ್ಲಿ ಅದಕ್ಕಿಂತ ತಡ. ಮತ್ತೆ ಸ್ಕ್ವೇರ್ ವೇವ್ ಇನ್ವರ್ಟರ್ ಮತ್ತು ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿರುವ ಆಕ್ಟಿವ್ ಪಿಎಫ್‌ಸಿಗೆ ಅಷ್ಟು ಆಗಿಬರುವುದಿಲ್ಲ. ಸೈನ್ ವೇವ್ ಇದ್ದರೆ ಒಳ್ಳೆಯದು.

ಸುಳ್ಯ ಕಡೆಯ ಒಬ್ಬ ಗೆಳೆಯನ ಮನೆಯಲ್ಲಿ ಗೇಮ್ ಮಧ್ಯೆ ಸ್ಕ್ರೀನ್ ಒಂದೆರಡು ಸೆಕೆಂಡ್ ಕಪ್ಪಾಗ್ತಾ ಇತ್ತು. ಕಾರ್ಡ್ ಸೆಕೆಂಡ್ ಹ್ಯಾಂಡ್, ವಾರಂಟಿ ಇಲ್ಲ. ಸಿಕ್ಕಿದ ಬೆಲೆಗೆ ಮಾರುವ ಅಂತ ಅವನು ಗಿರಾಕಿಯನ್ನೂ ಹುಡುಕಿ ಆಗಿತ್ತು. ಎರಡು ದಿನ ತಡಿ ಅಂತ ಹೇಳಿ ನಾವು ಅವನಿಂದ ಎರಡು ಕೆಲಸ ಮಾಡಿಸಿದೆವು: ಆಡುವುದನ್ನು ರೆಕಾರ್ಡ್ ಮಾಡುವುದು, ಕಪ್ಪಾದ ಸಮಯ ಬರೆದಿಡುವುದು. ರೆಕಾರ್ಡಿಂಗ್ ಪೂರ್ತಿ ಚೊಕ್ಕ ಇತ್ತು, ಶಬ್ದ ಎಲ್ಲೂ ನಿಂತಿರಲಿಲ್ಲ, 4101 ಈವೆಂಟೂ ಇರಲಿಲ್ಲ. ಅಂದ್ರೆ ಕಾರ್ಡ್ ತನ್ನ ಕೆಲಸ ಮಾಡ್ತಾನೇ ಇತ್ತು. ಸಮಯದ ಪಟ್ಟಿ ನೋಡಿದಾಗ ಅವನ ಅಪ್ಪನೇ ಹೇಳಿದ್ರು, "ಇದು ತ್ರೀ ಫೇಸ್ ಬಂದು ಪಂಪ್ ಸ್ಟಾರ್ಟ್ ಆಗುವ ಹೊತ್ತಲ್ವಾ?" ಇಂಡಕ್ಷನ್ ಮೋಟರ್ ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೀತದೆ, ಆ ಕ್ಷಣ ಲೈನಿನ ವೋಲ್ಟೇಜ್ ಬೀಳ್ತದೆ. ಪಿಸಿ ಯುಪಿಎಸ್‌ನಲ್ಲಿತ್ತು, ಮಾನಿಟರ್ ಮಾತ್ರ ಸೀದಾ ಗೋಡೆಯ ಪ್ಲಗ್ಗಿನಲ್ಲಿ, ಹಳೇ ಅಡಾಪ್ಟರಿನ ಜೊತೆ. ಮಾನಿಟರನ್ನೂ ಯುಪಿಎಸ್‌ಗೆ ಹಾಕಿದ ಮೇಲೆ ತೊಂದರೆ ನಿಂತಿತು. ಕಾರ್ಡ್ ಮಾರ್ಲಿಲ್ಲ.

ಅರ್ತಿಂಗ್ ಸರಿ ಉಂಟಾ ಅಂತಲೂ ನೋಡಿ. ಕೇಸ್ ಮುಟ್ಟಿದಾಗ ಜುಮ್ ಅಂದ್ರೆ ಅರ್ತಿಂಗ್ ಇಲ್ಲ ಅಥವಾ ದುರ್ಬಲ ಅಂತ ಸಂಶಯ ಪಡಬೇಕು. ಇದು ನೀವೇ ಬಿಚ್ಚಿ ನೋಡುವ ಕೆಲಸ ಅಲ್ಲ, ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

ಮಳೆ ಮತ್ತು ಸಿಡಿಲು

ನಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳ್ತದೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗೋಡೆಗೆ ಬೂಷ್ಟು ಹಿಡಿಯುವ ತಿಂಗಳಲ್ಲಿ ಕಾರ್ಡಿನ ಕನೆಕ್ಟರ್ ಮಾತ್ರ ಒಣಗಿರಬೇಕು ಅಂದ್ರೆ ಆಗ್ತದಾ? ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೇವ, ಧೂಳು ಸೇರಿ ತೆಳು ಪೊರೆ ಕೂರುತ್ತದೆ. ಸಂಪರ್ಕ ಸಡಿಲವಾಗಿ ಗ್ಲಿಚ್ ಬರಬಹುದು, ಕೆಲವೊಮ್ಮೆ ಡಿಸ್‌ಪ್ಲೇಯೇ ಬರುವುದಿಲ್ಲ.

ಇದಕ್ಕೆ ಪಿಸಿ ಆಫ್ ಮಾಡಿ, ಪ್ಲಗ್ ತೆಗೆದು, ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕೇಸಿನ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಕಾರ್ಡಿನ ಸ್ಕ್ರೂ ತೆಗೆದು, ಸ್ಲಾಟಿನ ತುದಿಯ ಲಾಕ್ ಒತ್ತಿ, ಕಾರ್ಡನ್ನು ನೇರಕ್ಕೆ ಎಳೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತಗಿನ ಬಟ್ಟೆಯಲ್ಲಿ ಹಲ್ಲುಗಳನ್ನು ಒರೆಸಿ, ಒಣಗಲು ಬಿಡಿ. ಮತ್ತೆ ಕೂರಿಸುವಾಗ ಟಕ್ ಅಂತ ಲಾಕ್ ಬೀಳಬೇಕು. ಭಾರದ ಕಾರ್ಡ್ ಕೆಳಗೆ ಜೋತಿದ್ದರೆ ಅಡಿಗೆ ಒಂದು ಆಧಾರ ಕೊಡಿ. ರಜೆಯಲ್ಲಿ ಊರಿಗೆ ಹೋದರೂ ಮಳೆಗಾಲದಲ್ಲಿ ಪಿಸಿಯನ್ನು ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡುವಂತೆ ರೂಮಿನಲ್ಲಿರುವವರಿಗೆ ಹೇಳಿ. ಒಳಗಿನ ಬಿಸಿಗೆ ತೇವ ಹೋಗ್ತದೆ. ಎರಚಲು ಹೊಡೆಯುವ ಕಿಟಕಿಯ ಬಳಿ ಪಿಸಿ ಇಡಬೇಡಿ.

ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆಯುವುದು ನಮ್ಮ ಹಿರಿಯರಿಗೂ ಗೊತ್ತಿದ್ದ ವಿದ್ಯೆ. ಸ್ವಿಚ್ ಆಫ್ ಸಾಲದು, ಪ್ಲಗ್ಗೇ ತೆಗೆಯಬೇಕು. ಲ್ಯಾನ್ ವಯರನ್ನೂ ತೆಗೆಯಬೇಕು. ಹತ್ತಿರ ಬಿದ್ದ ಸಿಡಿಲನ್ನು ಸ್ಪೈಕ್ ಗಾರ್ಡ್ ತಡೆಯುವುದಿಲ್ಲ.

ಕೊನೆಗೆ ವಿ-ರ್ಯಾಮ್

ಇಷ್ಟೆಲ್ಲಾ ಮಾಡಿಯೂ ಚೌಕಗಳು ಬಂದ್ರೆ, ಸ್ಕ್ರೀನ್‌ಶಾಟ್‌ನಲ್ಲೂ ಬಂದ್ರೆ, ಈಗ ಕಾರ್ಡಿನ ಸರದಿ. ಒಂದು ಪಿಕ್ಸೆಲಿನ ಕೆಂಪು ಬಣ್ಣಕ್ಕೆ 8 ಬಿಟ್, ಅಂದ್ರೆ 0ಯಿಂದ 255. ಅದರ ಕೊನೆಯ ಬಿಟ್ ತಪ್ಪಿದರೆ ಬಣ್ಣ 1ರಷ್ಟು ಬದಲಾಗ್ತದೆ, ಯಾರಿಗೂ ಕಾಣುವುದಿಲ್ಲ. ಮೊದಲ ಬಿಟ್ ತಪ್ಪಿದರೆ 128ರಷ್ಟು ಬದಲಾಗ್ತದೆ, ಕಣ್ಣಿಗೆ ಹೊಡೀತದೆ. 8 ಜಿಬಿಯ ಆರ್‌ಎಕ್ಸ್ 580ರಲ್ಲಿ ಮೆಮೊರಿ ಚಿಪ್‌ಗಳು ಎಂಟು, ಚಿತ್ರದ ಡೇಟಾ ಈ ಎಂಟರಲ್ಲೂ ಹಂಚಿರ್ತದೆ. ಒಂದು ಚಿಪ್ ಕೆಟ್ಟರೂ ತಪ್ಪು ಒಂದೇ ಅಂತರದಲ್ಲಿ ಮತ್ತೆ ಮತ್ತೆ ಕಾಣುವುದು ಅದಕ್ಕೇ. ಚೌಕಗಳು ಅಷ್ಟು ಶಿಸ್ತಾಗಿ ಇರುವುದರ ಗುಟ್ಟು ಇದು.

ಒಸಿಸಿಟಿ ತಂತ್ರಾಂಶದಲ್ಲಿ ವಿ-ರ್ಯಾಮ್ ಪರೀಕ್ಷೆ ಉಂಟು, ಅದನ್ನು ಓಡಿಸಿ. ಒಂದು ಎರರ್ ಬಂದ್ರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಓವರ್‌ಕ್ಲಾಕ್ ಮಾಡಿದ್ದರೆ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದು ಮತ್ತೆ ಪರೀಕ್ಷಿಸಿ. ಆಮೇಲೆ ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಮೆಮೊರಿ ಕ್ಲಾಕ್ 200ರಿಂದ 500 ಮೆಗಾಹರ್ಟ್ಸ್ ಇಳಿಸಿ ನೋಡಿ. ಇಳಿಸಿದಾಗ ಗ್ಲಿಚ್ ಹೋದರೆ ಚಿಪ್ ದಣಿದಿದೆ, ಪೂರ್ತಿ ಸತ್ತಿಲ್ಲ. ಸ್ವಲ್ಪ ಕಡಿಮೆ ಎಫ್‌ಪಿಎಸ್‌ನಲ್ಲಿ ಇನ್ನೂ ಕೆಲವು ಸಮಯ ಓಡಬಹುದು.

ಸಾಧ್ಯ ಆದ್ರೆ ಅದೇ ಕಾರ್ಡನ್ನು ಗೆಳೆಯನ ಪಿಸಿಗೆ, ಗೆಳೆಯನ ಕಾರ್ಡನ್ನು ನಿಮ್ಮದಕ್ಕೆ ಹಾಕಿ ನೋಡಿ. ತೊಂದರೆ ಕಾರ್ಡಿನ ಜೊತೆ ಹೋದರೆ ಕಾರ್ಡಿನದ್ದು, ನಿಮ್ಮ ಪಿಸಿಯಲ್ಲೇ ಉಳಿದರೆ ಬೇರೆಯದ್ದು. ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಯೂಟ್ಯೂಬ್‌ನಲ್ಲಿ ಕಾರ್ಡನ್ನು ಓವನ್‌ನಲ್ಲಿಟ್ಟು ಬಿಸಿ ಮಾಡುವ ವಿಡಿಯೋಗಳು ಉಂಟು. ಪದೇಪದೇ ಬಿಸಿಯಾಗಿ ತಣಿದು ಚಿಪ್ಪಿನ ಕೆಳಗಿನ ಬೆಸುಗೆ ಬಿರುಕು ಬಿಡುವುದು ನಿಜ. 2008ರಲ್ಲಿ ಎನ್‌ವಿಡಿಯಾ ಕಂಪನಿ ಚಿಪ್ ಪ್ಯಾಕೇಜಿನ ಇಂತಹದ್ದೇ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತ್ತು. ಆದ್ರೆ ಓವನ್ ಚಿಕಿತ್ಸೆ ಹೆಚ್ಚು ದಿನ ಬಾಳುವುದಿಲ್ಲ, ಹೊಗೆ ವಿಷ, ವಾರಂಟಿಯೂ ಹೋಗ್ತದೆ. ಅದನ್ನು ಮಾಡ್ಬೇಡಿ.

ಸೆಕೆಂಡ್ ಹ್ಯಾಂಡ್ ತೆಗೆಯುವವರಿಗೆ

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ವಿಧಾನ ಬದಲಿಸಿತು, ಗ್ರಾಫಿಕ್ಸ್ ಕಾರ್ಡಿನಲ್ಲಿ ಅದರ ಮೈನಿಂಗ್ ನಿಂತಿತು. ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಕಡಿಮೆ ಬೆಲೆ ನೋಡಿ ಕೊಳ್ಳುವ ಮುಂಚೆ ಎದುರೇ ಅರ್ಧ ಗಂಟೆ ಗೇಮ್ ಓಡಿಸಿ, ವಿ-ರ್ಯಾಮ್ ಪರೀಕ್ಷೆ ಮಾಡಿಸಿ. ಜಿಪಿಯು-ಝಡ್‌ನಲ್ಲಿ ಶೇಡರ್ ಸಂಖ್ಯೆ ನೋಡಿ: ಆರ್‌ಎಕ್ಸ್ 580ಕ್ಕೆ 2304 ಇರಬೇಕು. 2048 ಇದ್ದರೆ ಅದು ಬೇರೆ ಮಾದರಿ, ವೇಗವೂ ಕಡಿಮೆ, ಬೆಲೆಯೂ ಕಡಿಮೆಯೇ ಇರಬೇಕು. ಬಿಲ್ ಮತ್ತು ಸೀರಿಯಲ್ ನಂಬರ್ ಕೇಳಿ.

ವಾರಂಟಿ ಇದ್ದರೆ ನೀವೇ ಬಿಚ್ಚಬೇಡಿ. ಮಾಡಿದ ಪರೀಕ್ಷೆ, ತಾರೀಕು, ಉಷ್ಣತೆ, ಸ್ಕ್ರೀನ್‌ಶಾಟ್ ಎಲ್ಲ ಒಂದು ಕಡೆ ಬರೆದು ಕಾರ್ಡಿನ ಜೊತೆ ತೆಗೆದುಕೊಂಡು ಹೋಗಿ. ಪುತ್ತೂರಿನಿಂದ ಮಂಗಳೂರಿಗೆ 50 ಕಿಲೋಮೀಟರ್ ಹತ್ತಿರ, ಸುಳ್ಯದಿಂದ ಇನ್ನೂ ದೂರ. ಎರಡೆರಡು ಸಲ ಬಸ್ಸು ಹತ್ತಿ ಹೋಗುವ ಬದಲು ಒಂದೇ ಸಲಕ್ಕೆ ಕೆಲಸ ಆಗಬೇಕಾದ್ರೆ ಆ ಒಂದು ಹಾಳೆ ಸಹಾಯ ಮಾಡ್ತದೆ. "ಏನೋ ಆಗ್ತಾ ಉಂಟು ಸರ್" ಅನ್ನುವವನಿಗಿಂತ "ಕೇಬಲ್ ಬದಲಿಸಿದ್ದೇವೆ, ಡ್ರೈವರ್ ಬದಲಿಸಿದ್ದೇವೆ, ಬೇರೆ ಪಿಸಿಯಲ್ಲೂ ಬರ್ತದೆ" ಅನ್ನುವವನ ಮಾತಿಗೆ ಸರ್ವಿಸ್ ಕೌಂಟರಿನಲ್ಲಿ ಬೆಲೆ ಹೆಚ್ಚು. ಮನೆಯಲ್ಲಿ ಹೊಸ ಕಾರ್ಡಿಗೆ ದುಡ್ಡು ಕೇಳಬೇಕಾಗಿ ಬಂದರೂ ಅದೇ ಹಾಳೆ ಕೈಯಲ್ಲಿರಲಿ. ಆಗ ಕೇಳ್ಲಿಕ್ಕೂ ಮುಖ ಇರ್ತದೆ.